ಮಾರುತೇಶನ ಮೂವತ್ತಾರು ಫೋಟೋಗಳು

ಚಳ್ಳಕೆರೆಯಲ್ಲಿ ಸಿಟ್ಟು ಬರಲು ಕಾರಣ ಬೇಕಾಗಿಲ್ಲ, ಬಿಸಿಲು ಸಾಕು. ಆದರೂ ಎಣ್ಣೆ ಮಿಲ್ಲಿನ ಗುಮಾಸ್ತ ಮಾರುತೇಶನಿಗೆ ಆ ಭಾನುವಾರ ಬಂದದ್ದು ಬಿಸಿಲಿನ ಸಿಟ್ಟಲ್ಲ, ಮೊಬೈಲಿನದು.

ನೆಂಟರ ಮನೆಯ ನಾಮಕರಣಕ್ಕೆ ಹೋಗಿ ಬಂದಿದ್ದ. ತನ್ನ ಡಿಜಿಟಲ್ ಕ್ಯಾಮೆರಾದಲ್ಲಿ ಆರುನೂರ ಹನ್ನೆರಡು ಫೋಟೋ ತೆಗೆದು, ಮಗು ಆಕಳಿಸಿದ ಇಪ್ಪತ್ತೆರಡನ್ನೂ ಬಿಡದೆ, ಮನೆಮಂದಿಯ ವಾಟ್ಸಾಪ್ ಗ್ರೂಪಿಗೆ ಮೂಟೆ ಬಿಚ್ಚಿದಂತೆ ಸುರಿದ. ಬಂದ ಉತ್ತರ ಒಂದೇ. ಹೆಂಡತಿಯ ತಮ್ಮ ಲೋಹಿತನದು: "ಭಾವ, ಎಲ್ರ ಫೋನೂ ತುಂಬಿಹೋತು. ದಯವಿಟ್ಟು ನಿಲ್ಸಿ." ಕೆಳಗೆ ಮುಗಿದ ಎರಡು ಹಳದಿ ಕೈ. ಮರುನಿಮಿಷವೇ ಆ ಲೋಹಿತ ತನ್ನ ಫೋನಿನಲ್ಲಿ ತೆಗೆದ ಒಂದು ಫೋಟೋ ಹಾಕಿದ. ತೊಟ್ಟಿಲೂ ವಾರೆ, ಮಗುವೂ ವಾರೆ, ಮೂಲೆಯಲ್ಲಿ ಯಾರದೋ ಮೊಣಕೈ. ಅದಕ್ಕೆ ನಲವತ್ತೆಂಟು ಹೃದಯ ಬಿದ್ದವು. ಗ್ರೂಪಿನಲ್ಲಿರುವವರೇ ಮೂವತ್ತೊಂದು ಜನ. ಉಳಿದ ಹದಿನೇಳು ಹೃದಯ ಎಲ್ಲಿಂದ ಬಂದವು ಅಂತ ಮಾರುತೇಶ ಇವತ್ತಿಗೂ ಕೇಳುತ್ತಾನೆ, ಯಾರೂ ಉತ್ತರ ಕೊಟ್ಟಿಲ್ಲ.

"ಮಂಡಿ ಊರಿ, ಮಂಚದ ಕೆಳಗೆಲ್ಲಾ ತೂರಿ ಫೋಟೋ ತೆಗೆದೋನು ನಾನು! ನಂಗೆ ಕೈ ಮುಗೀತಾರಂತೆ, ಮೊಣಕೈಗೆ ಹೃದಯ ಕೊಡ್ತಾರಂತೆ! ಇದು ನ್ಯಾಯವೇನೇ ಸರ್ವಮಂಗಳಾ?"

ಶೇಂಗಾ ಸುಲಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. "ಆರುನೂರು ತೆಗೆದ್ರೆ ಯಾರು ನೋಡ್ತಾರ್ರೀ? ನಮ್ಮ ತಾತಂದು ಇರೋದೇ ಒಂದು ಫೋಟೋ. ಮನೆಗೆ ಬಂದೋರೆಲ್ಲಾ ಇವತ್ತಿಗೂ ನಿಂತು ನೋಡ್ತಾರೆ."

ಆಕೆ ಬಾಯಿಗೆ ಬಂದದ್ದು ಹೇಳಿ ಶೇಂಗಾ ಮುಂದುವರಿಸಿದಳು. ಮಾರುತೇಶನಿಗೆ ಮಾತ್ರ ಅದು ಆಕಾಶವಾಣಿ.

ಮರುದಿನವೇ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿರುವ ಕರೀಂ ಸಾಬರ ಅಂಗಡಿಗೆ ಹೋದ. ಒಂದು ಕಾಲಕ್ಕೆ ಅದು ಫೋಟೋ ಸ್ಟುಡಿಯೋ, ಈಗ ಗಡಿಯಾರ ರಿಪೇರಿ. ಮಾರುತೇಶ ತನ್ನ ಡಿಜಿಟಲ್ ಕ್ಯಾಮೆರಾವನ್ನು, ಹೆಂಡತಿಯನ್ನು ತವರಲ್ಲಿ ಬಿಟ್ಟು ಬರುವ ಅಳಿಯನ ಗತ್ತಿನಲ್ಲಿ, ಗಾಜಿನ ಮೇಜಿನ ಮೇಲಿಟ್ಟ.

"ಇದನ್ನ ನೀವಿಟ್ಕೊಳ್ರಿ. ನಿಮ್ಮ ಬೀರುದಾಗೆ ಒಂದು ರೀಲಿನ ಕ್ಯಾಮೆರಾ ಐತಲ್ಲ, ಅದನ್ನ ನಂಗೆ ಕೊಡ್ರಿ."

"ಅರೆ ಮಾರುತೇಶಣ್ಣ, ತಬಿಯತ್ ಸರಿ ಐತಾ?"

"ಮೆಗಾಪಿಕ್ಸೆಲ್ ಅಂತ ಹತ್ತು ವರ್ಷ ಮೆಗಾಪೀಕಲಾಟ ಪಟ್ಟಿದ್ದು ಸಾಕು ಸಾಬ್ರೆ. ಇನ್ಮೇಲೆ ಮೂವತ್ತಾರೇ ಫೋಟೋ. ನೋಡೋರು ನೋಡ್ಲಿ, ಉರ್ಕೊಳ್ಳೋರು ಉರ್ಕೊಳ್ಲಿ."

ಕರೀಂ ಸಾಬರು ಬೀರು ತೆಗೆದರು. ಲೋಹದ ಮೈ, ಕಪ್ಪು ಚರ್ಮದ ಅಂಗಿ, ಅರ್ಧ ಇಟ್ಟಿಗೆಯ ತೂಕ. ರೇಂಜ್‌ಫೈಂಡರ್ ಅಂತ ಅದರ ಜಾತಿ. ಹಣೆಯ ಮೇಲೆ ಪುಟ್ಟ ಕಿಟಕಿ, ಅದರಲ್ಲಿ ಇಣುಕಿದರೆ ಎದುರಿಗಿರುವವರು ಇಬ್ಬಿಬ್ಬರಾಗಿ ಕಾಣುತ್ತಾರೆ. ಉಂಗುರ ತಿರುಗಿಸುತ್ತ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿ ಬಟನ್ ಒತ್ತಬೇಕು. ಮಾರುತೇಶ ಇಣುಕಿದ. ಓಣಿಯಲ್ಲಿ ಹೋಗುತ್ತಿದ್ದ ಎಮ್ಮೆ ಎರಡಾಯಿತು, ತಿರುಗಿಸಿದರೆ ಒಂದಾಯಿತು. ಅವನ ಕಣ್ಣಲ್ಲಿ ನೀರೇ ಬಂತು.

ಸಾಬರು ರೀಲು ತಾವೇ ಹಾಕಿ ಪಾಠ ಶುರು ಮಾಡಿದರು. "ಹಿಂಬದಿ ಬಾಗಿಲು ಬೆಳಕಿನಾಗೆ ತೆಗೀಬ್ಯಾಡ್ರಿ, ಎಲ್ಲಾ ಬರ್ಬಾದ್. ಒಂದು ತೆಗೆದ ಮ್ಯಾಲೆ ಈ ಕಡ್ಡಿ ಎಳೀರಿ, ಆಗ್ಲೇ ಇನ್ನೊಂದು. ಇನ್ನೊಂದು ಮಾತು, ಇದು ಬಹಳ ಮುಖ್ಯ. ಇದರಾಗೆ ನೀವು ನೋಡೋ ಕಿಟಕಿ ಬೇರೆ, ಫೋಟೋ ಬೀಳೋ ಗಾಜು ಬೇರೆ. ಅದಕ್ಕೇ ಏನಾಗ್ತದೆ ಅಂದ್ರೆ—"

"ಗೊತ್ತೈತೆ ಬಿಡ್ರಿ! ಇಪ್ಪತ್ತು ವರ್ಷದಿಂದ ಫೋಟೋ ತೆಗೀತಿದೀನಿ. ನನಗೆ ಎಬಿಸಿಡಿ ಹೇಳ್ಕೊಡ್ತೀರಾ?"

ಕರೀಂ ಸಾಬರು ಅರ್ಧ ಮಾತನ್ನು ನುಂಗಿ, ಕ್ಯಾಮೆರಾ ಚೀಲಕ್ಕೆ ಹಾಕಿಕೊಟ್ಟರು. ಈ ನುಂಗಿದ ಅರ್ಧ ಮಾತನ್ನು ಓದುಗರು ಜೋಪಾನವಾಗಿ ನೆನಪಿಟ್ಟುಕೊಳ್ಳಬೇಕು. ಮಾರುತೇಶನಂತೂ ಇಟ್ಟುಕೊಳ್ಳಲಿಲ್ಲ.

ಮೂರನೇ ದಿನ ಮೊಳಕಾಲ್ಮೂರಿನಲ್ಲಿ ನಾದಿನಿ ರಶ್ಮಿತಾಳ ನಿಶ್ಚಿತಾರ್ಥ. ಮಾರುತೇಶ ಫೋಟೋಗ್ರಾಫರ್ ಅಷ್ಟೇ ಅಲ್ಲ, ಕಾನೂನು ಸಚಿವನೂ ಆದ. ಬಾಗಿಲಲ್ಲಿ ಬಿದಿರಿನ ಬುಟ್ಟಿ ಹಿಡಿದು ನಿಂತ. "ಫೋನು ಇದರಾಗೆ ಹಾಕಿ ಒಳಗೆ ಬರ್ರಿ. ಇವತ್ತು ಒಂದೇ ಕ್ಯಾಮೆರಾ, ಮೂವತ್ತಾರೇ ಫೋಟೋ."

"ಮದ್ವೆ ಮನೆಗೆ ಬಂದೀವೋ, ಪರೀಕ್ಷೆ ಬರೆಯೋಕೆ ಬಂದೀವೋ?" ಅಂದರು ಗಂಡಿನ ಕಡೆಯ ಹಿರಿಯರು.

"ಭಾವ ರೀಲು ಬಿಡ್ತಾರೆ ಅಂತ ಗೊತ್ತಿತ್ತು," ಅಂದ ಲೋಹಿತ, ಎಲ್ಲರಿಗೂ ಕೇಳುವಂತೆ. "ರೀಲು ಹಾಕ್ತಾರೆ ಅಂತ ಗೊತ್ತಿರ್ಲಿಲ್ಲ."

"ಹಾಕಲೇ ನಿನ್ನ ಫೋನು! ಮೊದ್ಲು ನಿಂದೇ ಹಾಕು!"

ಅರವತ್ತು ಫೋನು ಬುಟ್ಟಿಗೆ ಬಿದ್ದವು. ಮೇಲೆ ಟವೆಲ್ ಮುಚ್ಚಿ ದೇವರ ಕೋಣೆಯಲ್ಲಿಟ್ಟರು. ಸರಿಯಾಗಿ ಉಂಗುರ ತೊಡಿಸುವ ಹೊತ್ತಿಗೆ ಬುಟ್ಟಿಯೆಲ್ಲ ಕೋಳಿಗೂಡಿನ ಹಾಗೆ ಕೂಗತೊಡಗಿತು. ಒಂದು ಫೋನು ಜೋಗುಳ ಹಾಡಿತು, ಇನ್ನೊಂದು "ನೀವು ಕರೆ ಮಾಡಿದ ಚಂದಾದಾರರು" ಅಂತ ಯಾರಿಗೋ ಹೇಳಿತು. ಮಾರುತೇಶ ಜಗ್ಗಲಿಲ್ಲ. ಒಂದೊಂದು ಫೋಟೋಕ್ಕೂ ಐದೈದು ನಿಮಿಷ. ಇಬ್ಬರು ಮದುಮಕ್ಕಳನ್ನು ನಾಲ್ವರು ಮಾಡಿ, ಮತ್ತೆ ಇಬ್ಬರು ಮಾಡಿ, ಉಸಿರು ಬಿಗಿಹಿಡಿದು, ಕಟಕ್. ಪ್ರತಿ ಕಟಕ್‌ಗೂ ಮದುಮಕ್ಕಳು, ಬೀಗರು, ಪುರೋಹಿತರು ಎಲ್ಲರೂ ಓಡಿಬಂದು ಕ್ಯಾಮೆರಾದ ಬೆನ್ನು ನೋಡುವರು. ಬೆನ್ನ ಮೇಲೆ ಕಪ್ಪು ಚರ್ಮ ಬಿಟ್ಟು ಏನೂ ಇಲ್ಲ.

"ಭಾವ, ನಾನು ಕಣ್ಣು ಮುಚ್ಚಿದ್ನಾ, ತೋರ್ಸಿ," ಅಂದಳು ರಶ್ಮಿತಾ.

"ತೋರ್ಸೋದಿಲ್ಲ! ತೊಳೆದ ಮ್ಯಾಲೇ ಗೊತ್ತಾಗೋದು."

"ಯಾರನ್ನ ತೊಳೀಬೇಕು?" ಅಂದರು ಗಂಡಿನ ಕಡೆಯ ಹಿರಿಯರು, ಗಾಬರಿಯಿಂದ.

ಮೂವತ್ತನಾಲ್ಕು ಆದ ಮೇಲೆ ಸರ್ವಮಂಗಳ ಗಂಡನ ತೋಳು ಹಿಡಿದು ನಡುಮನೆಗೆ ಕರೆತಂದಳು. ಅಲ್ಲಿ ಕಂಬಕ್ಕೆ ಒರಗಿ ಬೋರಕ್ಕ ಕೂತಿದ್ದಳು, ಹೆಂಡತಿಯ ಅಜ್ಜಿ, ಎಂಬತ್ತಾರು ವರ್ಷ. ಗೋಡೆಯ ಮೇಲೆ ಅವಳ ಗಂಡನ ಕಪ್ಪು ಬಿಳುಪಿನ ಫೋಟೋ, ಪಕ್ಕದಲ್ಲಿ ಒಂದು ಖಾಲಿ ಮೊಳೆ. ಆ ಮೊಳೆಯನ್ನು ಬೋರಕ್ಕನೇ ಹೊಡೆಸಿದ್ದು, ತನಗೆ ಅಂತ. ಆದರೆ ಮೊಬೈಲ್ ಹಿಡಿದು ಬಂದವರನ್ನೆಲ್ಲ ಓಡಿಸಿದ್ದಳು. "ಬೆರಳಾಗೆ ಒರೆಸಿದ್ರೆ ಹೋಗೋ ಮಖ ನಂಗೆ ಬ್ಯಾಡ" ಅನ್ನುವಳು. ಆಧಾರ್ ಕಾರ್ಡಿನ ಫೋಟೋ ತೋರಿಸಿದರೆ, "ಇವಳ್ಯಾರೋ ಕಳ್ಳಿ, ನಾನಲ್ಲ" ಅನ್ನುವಳು.

"ಏಮಪ್ಪಾ ಅಲ್ಲುಡು," ಅಂತ ಅಳಿಯನನ್ನು ಕರೆದಳು ಬೋರಕ್ಕ. ಮೊಳಕಾಲ್ಮೂರಿನವರಿಗೆ ಪ್ರೀತಿ ಬಂದರೆ ತೆಲುಗು, ಸಿಟ್ಟು ಬಂದರೆ ಕನ್ನಡ. "ಇದು ಒರೆಸಿದ್ರೆ ಹೋಗಾಕಿಲ್ಲ ತಾನೆ?"

"ಬ್ರಹ್ಮ ಬಂದ್ರೂ ಅಳ್ಸಕ್ಕಾಗಲ್ಲ ಅಜ್ಜಿ. ನನ್ನ ಮಾತು."

ಬೋರಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಕ್ಯಾಮೆರಾವನ್ನೇ ದಿಟ್ಟಿಸಿದಳು. "ಅದು ಕಣ್ಣು ಬಿಟ್ಟಂಗೇ ಕಾಣಲ್ಲವಲ್ಲಪ್ಪ?"

"ಇದರ ಕಣ್ಣು ಮ್ಯಾಲೈತಜ್ಜಿ, ಹಣೇ ಮ್ಯಾಲೆ. ನಿಮಗಿದೆಲ್ಲಾ ತಿಳಿಯಲ್ಲ, ಸುಮ್ಕೆ ಕೂತ್ಕಳಿ."

ಕಟಕ್. ಮೂವತ್ತೈದು. ಮನೆಮಂದಿಯೆಲ್ಲ ಚಪ್ಪಾಳೆ ಹೊಡೆದರು, ಸರ್ವಮಂಗಳ ಕಣ್ಣೊರೆಸಿಕೊಂಡಳು. ಬೋರಕ್ಕ ಮಾತ್ರ ಖಾಲಿ ಮೊಳೆಯನ್ನು ಒಮ್ಮೆ, ಮಾರುತೇಶನನ್ನು ಒಮ್ಮೆ ನೋಡಿ, "ಹದಿನೈದು ದಿನದಾಗೆ ಬರ್ಬೇಕು" ಅಂದಳು.

ಉಳಿದದ್ದು ಒಂದು. ಆ ಒಂದನ್ನು ಕಲೆಗೆ ಮೀಸಲಿಟ್ಟು ಮಾರುತೇಶ ಒಬ್ಬನೇ ಬೈಕ್ ಹತ್ತಿದ. ದಾರಿಯಲ್ಲಿ ಸಿಗುವ ತಳಕಿನಲ್ಲಿ ಟೀ ಕುಡಿದು, ನೆಟ್ಟಗೆ ಊರಿಗೆ ಹೋಗುವ ಬದಲು ಬಲಕ್ಕೆ ಹೊರಳಿ, ವರವು ಕಾವಲಿನ ಹುಲ್ಲಿನ ಬಯಲಿಗೆ ಬಂದ. ಸಂಜೆಯ ಓರೆ ಬಿಸಿಲು, ಒಂದು ಕುರಿಮಂದೆ, ಅದರ ಹಿಂದೆ ಉದ್ದನೆ ತಂತಿ ಬೇಲಿ. ಬೇಲಿಯೊಳಗೆ ಏನಿದೆ ಅಂತ ಹೊರಗಿನವರಿಗೆ ಗೊತ್ತಿಲ್ಲ, ಕುರಿಗಳಿಗೆ ಬೇಕಾಗಿಲ್ಲ. ಬೇಲಿಗೆ ಒಂದು ಬೋರ್ಡು: ಫೋಟೋ ತೆಗೆಯುವುದನ್ನು ನಿಷೇಧಿಸಲಾಗಿದೆ. ಕುರಿಗಳನ್ನು ಒಂದು ಮಾಡುವುದರಲ್ಲಿ ಮುಳುಗಿದ್ದ ಮಾರುತೇಶ ಅದನ್ನು ಓದಲಿಲ್ಲ.

"ಏಯ್! ಏನಲೇ ಅದು?"

ಕಾವಲುಗಾರ ದೊಡ್ಡಪಾಲಯ್ಯ. ಮೀಸೆ ಖಾಯಂ, ಕೆಲಸ ಗುತ್ತಿಗೆ.

"ಕುರಿ ಸ್ವಾಮಿ, ಕುರಿ! ಕುರೀಗೂ ರಹಸ್ಯ ಐತಾ ಈ ದೇಶದಾಗೆ? ಇನ್ನೂ ತೆಗೆದೇ ಇಲ್ಲ!"

"ತೆಗೆದಿದ್ದನ್ನೆಲ್ಲಾ ಡಿಲೀಟ್ ಮಾಡು."

"ಇದರಾಗೆ ಡಿಲೀಟ್ ಇಲ್ಲ."

"ತೋರ್ಸು."

"ತೋರ್ಸಕ್ಕೂ ಆಗಲ್ಲ."

"ಮೆಮೊರಿ ಕಾರ್ಡು ತೆಗಿ."

"ಕಾರ್ಡೂ ಇಲ್ಲ."

"ಬ್ಯಾಟ್ರಿ ಬಿಚ್ಚು."

"ಬ್ಯಾಟ್ರಿನೂ ಇಲ್ಲ."

ದೊಡ್ಡಪಾಲಯ್ಯ ಎರಡು ಹೆಜ್ಜೆ ಹಿಂದೆ ಸರಿದ. ತೋರಿಸಲಾಗದ, ಅಳಿಸಲಾಗದ, ಕರೆಂಟೇ ಬೇಡದ ಯಂತ್ರವನ್ನು ಅವನು ತನ್ನ ಹತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಆಮೇಲೆ ಧೈರ್ಯ ಮಾಡಿ ಕ್ಯಾಮೆರಾ ಕಿತ್ತುಕೊಂಡು ಹಿಂದೆ ಮುಂದೆ ತಿರುವಿ ಹಾಕಿದ.

"ಕೈ ತೆಗೀರಿ! ಅದರಾಗೆ ನಮ್ಮಜ್ಜಿ ಅವ್ಳೆ!" ಮಾರುತೇಶ ಬೆರಳೆತ್ತಿ ಭಾಷಣಕ್ಕೆ ನಿಂತ. "ಸಂವಿಧಾನ ಐತೆ! ಪ್ರಜೆ ಅಂದ್ರೆ ಏನಂದ್ಕೊಂಡೀರಿ? ನಾನು ತೆರಿಗೆ ಕಟ್ಟೋನು—"

ಆ ಗಲಾಟೆಯಲ್ಲಿ ಟಪ್ ಅಂತ ಒಂದು ಸಣ್ಣ ಸದ್ದಾಯಿತು, ಹಿಂದೆಯೇ ಕಟಕ್ ಅಂತ ಇನ್ನೊಂದು. ಮಾರುತೇಶನಿಗೆ ಎರಡನೆಯದು ಮಾತ್ರ ಕೇಳಿಸಿತು. "ಅಯ್ಯೋ! ನನ್ನ ಮೂವತ್ತಾರನೇದೂ ಹೋತು!"

ದೊಡ್ಡಪಾಲಯ್ಯ ಅವನನ್ನು ಎಳೆದೊಯ್ದ ಹತ್ತಿರದ ಠಾಣೆಯಲ್ಲಿ ಎಎಸ್‌ಐ ಚಿಕ್ಕೀರಪ್ಪ ಇದ್ದರು. ಮಾತಿಗಿಂತ ಹೆಚ್ಚು ನಿಟ್ಟುಸಿರು ಬಿಡುವ ಮನುಷ್ಯ. ಯಂತ್ರದ ಹೆಸರು ಕೇಳಿದರು. "ರೇಂಜ್‌ಫೈಂಡರ್" ಅಂದ ಮಾರುತೇಶ. ಚಿಕ್ಕೀರಪ್ಪನವರು ಪೆನ್ನು ಕೆಳಗಿಟ್ಟು, ಒಂದು ನಿಟ್ಟುಸಿರು ಬಿಟ್ಟು, ಮತ್ತೆ ಪೆನ್ನು ಎತ್ತಿ, "ಹಳೇ ಕ್ಯಾಮೆರಾ" ಅಂತ ಬರೆದುಕೊಂಡರು.

"ಎಲ್ಲಿಂದ ಬಂದೆ?"

"ನಾದಿನಿ ನಿಶ್ಚಿತಾರ್ಥದಿಂದ ಸಾರ್. ಮೊಳಕಾಲ್ಮೂರು."

"ಸಾಕ್ಷಿ? ಒಂದು ಫೋಟೋ ತೋರ್ಸು, ಮನೀಗೆ ಹೋಗು."

ಸಾಕ್ಷಿಗೆ ಅಂತ ಮಾರುತೇಶ ಫೋನ್ ಮಾಡಿದ ಮುಕ್ಕಾಲು ಗಂಟೆಗೆ ಲೋಹಿತ ಕಾರಿನಲ್ಲಿ ಬಂದ, ಹಣೆಯ ಮೇಲೆ ಇನ್ನೂ ಅಕ್ಷತೆ. ಚಿಕ್ಕೀರಪ್ಪ ಅವನ ಫೋನು ಕೇಳಿದರು. ಲೋಹಿತ ಭಾವನ ಮುಖ ನೋಡಿದ. ಇಂಥ ಘಳಿಗೆ ಬಾಮೈದನ ಬಾಳಿನಲ್ಲಿ ಒಮ್ಮೆ ಬರುತ್ತದೆ.

"ನನ್ಹತ್ರ ಒಂದೂ ಇಲ್ಲ ಸಾರ್. ಅರವತ್ತು ಜನದ ಹತ್ರನೂ ಒಂದೂ ಇಲ್ಲ. ಭಾವನೇ ಎಲ್ರ ಫೋನೂ ಬುಟ್ಟಿಗೆ ಹಾಕ್ಸಿದ್ರು."

"ಯಾಕೆ?"

"ಯಾರೂ ಫೋಟೋ ತೆಗೀಬಾರ್ದು ಅಂತ."

ದೊಡ್ಡಪಾಲಯ್ಯ ಮೀಸೆ ತಿರುವಿದ. ಚಿಕ್ಕೀರಪ್ಪನವರ ಈ ನಿಟ್ಟುಸಿರು ಮೊದಲಿನವಕ್ಕಿಂತ ಉದ್ದವಿತ್ತು. ಕ್ಯಾಮೆರಾ ಎಳೆದುಕೊಂಡು ಹಿಂಬದಿಯ ಬಾಗಿಲಿಗೆ ಉಗುರು ಹಾಕಿದರು. ಮಾರುತೇಶ ಟೇಬಲ್ಲಿನ ಮೇಲೆ ಬೋರಲು ಬಿದ್ದು ಅದನ್ನು ಅಪ್ಪಿಕೊಂಡ.

"ತೆಗೀಬ್ಯಾಡ್ರಿ! ಬೆಳಕು ಬಿದ್ರೆ ಎಲ್ಲಾ ಸುಟ್ಟೋಗ್ತೈತೆ! ಎಂಬತ್ತಾರು ವರ್ಷಕ್ಕೆ ಮೊದಲ್ನೇ ಸಲ ಮಖ ಕೊಟ್ಟೌಳೆ ಮುದುಕಿ! ನನ್ನ ಒಳಗೆ ಹಾಕ್ರಿ, ರೀಲಿಗೆ ಮಾತ್ರ ಬೆಳಕು ತೋರಿಸ್ಬ್ಯಾಡ್ರಿ!"

"ರೀಲು ಬಿಡೋರ್ನ ಬೇಕಾದಷ್ಟು ನೋಡೀನಿ," ಅಂದರು ಚಿಕ್ಕೀರಪ್ಪ. "ರೀಲು ಬಿಡದಂಗೆ ಅಪ್ಕೊಂಡೋನ್ನ ಇವತ್ತೇ ನೋಡಿದ್ದು. ಆತಪ್ಪ. ರಾತ್ರಿ ಕ್ಯಾಮೆರಾ ಇಲ್ಲೇ ಇರ್ಲಿ, ನಾಳೆ ಬೆಳಗ್ಗೆ ತೊಳ್ಸು. ಆದ್ರೆ ನನ್ನ ಕಣ್ಣೆದುರಿಗೆ."

ಹಾಗಾಗಿ ಮರುದಿನ ಹತ್ತು ಗಂಟೆಗೆ ಕರೀಂ ಸಾಬರ ಬಚ್ಚಲುಮನೆಯಲ್ಲಿ ನಾಲ್ವರು ನಿಂತರು: ಸಾಬರು, ಮಾರುತೇಶ, ಚಿಕ್ಕೀರಪ್ಪ, ಸಾಕ್ಷಿಗೆ ದೊಡ್ಡಪಾಲಯ್ಯ. ಕಿಟಕಿಗೆ, ಬಾಗಿಲಿಗೆ ಎರಡೆರಡು ಚಳ್ಳಕೆರೆ ಕಂಬಳಿ. ಮಳೆ ನುಗ್ಗದ ಕಂಬಳಿಯಲ್ಲಿ ಬೆಳಕು ನುಗ್ಗೀತೆ? ಲೈಟ್ ಆರಿಸಿದರೆ ಕೈಗೆ ಕೈ ಕಾಣದ ಕತ್ತಲು.

"ಏನ್ ಮಾಡ್ತಿದೀರಿ ಸಾಬ್ರೆ? ಕಾಣ್ತಿಲ್ಲ."

"ರೀಲು ಡಬ್ಬಿಗೆ ಹಾಕ್ತಿದೀನಿ ಸಾಹೇಬ್ರೆ. ಕಂಡ್ರೆ ಖರಾಬಾಗ್ತದೆ."

"ನಾನು ಕಣ್ಣೆದುರಿಗೆ ಅಂದಿದ್ದೆ."

"ಕಣ್ಣೆದುರಿಗೇ ಐತೆ. ಕಣ್ಣಿಗೆ ಕಾಣ್ತಿಲ್ಲ ಅಷ್ಟೆ."

"ನನ್ನ ಕಾಲು ತುಳೀತಿರೋರು ಯಾರು?"

"ನಾನು ಸಾರ್, ದೊಡ್ಡಪಾಲಯ್ಯ. ನನ್ನ ಕಾಲೂ ಯಾರೋ ತುಳೀತವ್ರೆ."

ಹೊರಗಿನಿಂದ ಸಾಬರ ಹೆಂಡತಿ ಹಜರಾ ಬೀ ಬಾಗಿಲು ಬಡಿದರು. "ಅಜೀ, ಬಟ್ಟೆ ನೆನೆಹಾಕೀನಿ! ಒಂದು ಬಚ್ಚಲಿಗೆ ಎಷ್ಟು ಗಂಡಸ್ರು?"

ಡಬ್ಬಿಯ ಬಾಯಿ ಮುಚ್ಚಿ ಲೈಟ್ ಹಾಕಿದರು. ಔಷಧಿ ಹಾಕಿ, ಅಲ್ಲಾಡಿಸಿ, ಚೆಲ್ಲಿ, ತೊಳೆದು, ಅರ್ಧ ಗಂಟೆಯ ಮೇಲೆ ಕರೀಂ ಸಾಬರು ಒದ್ದೆ ರೀಲನ್ನು ಎಳೆದು ಬಲ್ಬಿಗೆ ಹಿಡಿದರು. ಹಿಡಿದೇ ಇದ್ದರು.

ರೀಲು ಗಾಜಿನ ಹಾಗೆ ಖಾಲಿ. ಉಂಗುರವಿಲ್ಲ, ರಶ್ಮಿತಾ ಇಲ್ಲ, ಬೀಗರಿಲ್ಲ. ಬೋರಕ್ಕ ಇಲ್ಲ.

ಮಾರುತೇಶನ ಸಿಟ್ಟು ಬಚ್ಚಲಿನ ತಾರಸಿ ಮುಟ್ಟಿತು. "ರಾತ್ರಿ ಠಾಣೆದಾಗೆ ಯಾರೋ ಬಾಗಿಲು ತೆಗೆದವ್ರೆ! ಇಲ್ಲಾ ನಿಮ್ಮ ಔಷಧಿ ಹಳೇದು! ಇಲ್ಲಾ ರೀಲೇ ಡೂಪ್ಲಿಕೇಟು! ನಾನು ಬಿಡೋದಿಲ್ಲ, ಕೋರ್ಟಿಗೆ ಹೋಗ್ತೀನಿ!"

"ಬಾಗಿಲು ತೆಗೆದಿದ್ರೆ ರೀಲು ಕಪ್ಪಗಾಗ್ತಿತ್ತು ಮಾರುತೇಶಣ್ಣ," ಅಂದರು ಸಾಬರು ಮೆಲ್ಲಗೆ. "ಇದು ಬೆಳ್ಳಗೈತೆ. ಇದಕ್ಕೆ ಬೆಳಕೇ ಬಿದ್ದಿಲ್ಲ. ಔಷಧಿನೂ ಸರಿ ಐತೆ, ಯಾಕಂದ್ರೆ ನೋಡ್ರಿ, ಕೊನೇಲಿ ಒಂದು ಬಂದೈತೆ."

ಹೌದು. ಮೂವತ್ತಾರನೆಯದು ಸ್ಪಷ್ಟವಾಗಿ ಮೂಡಿತ್ತು.

ಆಗ ದೊಡ್ಡಪಾಲಯ್ಯ ಗಂಟಲು ಸರಿಮಾಡಿಕೊಂಡ. ಪ್ಯಾಂಟಿನ ಜೇಬಿಗೆ ಕೈಹಾಕಿ, ಕರಿ ಬಿಲ್ಲೆಯಂಥ ಒಂದು ಮುಚ್ಚಳ ತೆಗೆದು ಎಲ್ಲರ ಮುಂದೆ ಹಿಡಿದ. "ನಿನ್ನೆ ಕ್ಯಾಮೆರಾ ತಿರುವಿ ನೋಡೋವಾಗ ಇದು ಕೈಗೆ ಬಂತು. ಮುಂದ್ಗಡೆ ಗಾಜಿನ ಮ್ಯಾಲೆ ಕೂತಿತ್ತು. ಮುರಿದೇನೋ ಅಂತ ಹೆದರಿ ಜೇಬಿಗೆ ಹಾಕ್ಕೊಂಡೆ."

ಸಾಬರು ಅದನ್ನು ಇಸಿದುಕೊಂಡು ಕ್ಯಾಮೆರಾದ ಗಾಜಿಗೆ ಒತ್ತಿ ನೋಡಿದರು.

"ಅವತ್ತು ನಾನು ಅರ್ಧ ಹೇಳಿದ ಮಾತು ಇತ್ತಲ್ಲ," ಅಂದರು ಕರೀಂ ಸಾಬರು. "ಉಳಿದರ್ಧ ಇದು. ಕಿಟಕಿ ಬೇರೆ, ಗಾಜು ಬೇರೆ. ಗಾಜಿಗೆ ಮುಚ್ಚಳ ಇದ್ರೂ ಕಿಟಕಿಯಾಗೆ ಜಗತ್ತೆಲ್ಲಾ ಕಾಣ್ತದೆ. ಮುಚ್ಚಳ ತೆಗೆಯೋದು ಮರೀಬ್ಯಾಡ್ರಿ ಅಂತ ಹೇಳೋಕೆ ಬಂದೆ."

ಮಾರುತೇಶ ಬಾಯಿ ತೆರೆದ. ಬೈಯಲು ಯಾರಾದರೂ ಉಳಿದಿದ್ದಾರಾ ಅಂತ ಸುತ್ತ ನೋಡಿದ. ಯಾರೂ ಉಳಿದಿರಲಿಲ್ಲ. ಬಾಯಿ ಮುಚ್ಚಿದ.

ಸಾಬರು ಹಳೆಯ ಯಂತ್ರದ ಧೂಳು ಕೊಡವಿ ಮಧ್ಯಾಹ್ನದೊಳಗೆ ಆ ಒಂದನ್ನು ದೊಡ್ಡದಾಗಿ ಪ್ರಿಂಟ್ ಹಾಕಿದರು. ಕಾವಲಿನ ಓರೆ ಬಿಸಿಲು, ಗಾಳಿಗೆ ಬಾಗಿದ ಹುಲ್ಲು, ನಡುವೆ ಬೆರಳೆತ್ತಿ ಬಾಯಿ ತೆರೆದು ನಿಂತ ಮಾರುತೇಶ, ಹಿಂದೆ ಒಂದಕ್ಷರವೂ ಬಿಡದೆ ಓದಬಹುದಾದ ಬೋರ್ಡು: ಫೋಟೋ ತೆಗೆಯುವುದನ್ನು ನಿಷೇಧಿಸಲಾಗಿದೆ.

"ಭೇಷ್," ಅಂದರು ಸಾಬರು. "ನಲವತ್ತು ವರ್ಷದಾಗೆ ಇಂಥ ಫೋಟೋ ನೋಡಿಲ್ಲ."

"ನಿಷೇಧಿತ ಜಾಗದಾಗೆ ಫೋಟೋ ತೆಗೆದಿರೋದು ರುಜುವಾತಾಯ್ತು," ಅಂತ ಚಿಕ್ಕೀರಪ್ಪ ಪೆನ್ನು ತೆಗೆದರು. "ಈಗ ತೆಗೆದೋರ ಹೆಸರು ಬರೀಬೇಕು. ಯಾರು ತೆಗೆದಿದ್ದು?"

ಎಲ್ಲರೂ ದೊಡ್ಡಪಾಲಯ್ಯನ ಕಡೆ ತಿರುಗಿದರು. ಅವನ ಮೀಸೆ ಜೀವನದಲ್ಲೇ ಮೊದಲ ಸಲ ಇಳಿಯಿತು. ಚಿಕ್ಕೀರಪ್ಪ ಕೊನೆಯದೊಂದು ನಿಟ್ಟುಸಿರು ಬಿಟ್ಟು, ಬರೆದ ಹಾಳೆ ಹರಿದು, ಹಜರಾ ಬೀಯವರ ಬಟ್ಟೆಯ ಬಕೆಟ್ಟಿಗೆ ಹಾಕಿ ನಡೆದರು. ದೊಡ್ಡಪಾಲಯ್ಯ ಹೋಗುವಾಗ ಬಾಗಿಲಲ್ಲಿ ತಿರುಗಿ, "ಸಾಬ್ರೆ, ನಂಗೂ ಒಂದು ಕಾಪಿ" ಅಂದ.

ಭಾನುವಾರ ಮಾರುತೇಶ ಮೊಳಕಾಲ್ಮೂರಿಗೆ ಹೋಗಲೇಬೇಕಾಯಿತು. ರಶ್ಮಿತಾ ಅತ್ತಳು. ಗಂಡಿನ ಕಡೆಯವರು ಮತ್ತೆ ಸೀರೆ ಪಂಚೆ ಉಟ್ಟು ಬಂದು, ಅದೇ ಉಂಗುರ ಬಿಚ್ಚಿ ಮತ್ತೆ ತೊಡಿಸಿ, ಅರವತ್ತು ಫೋನುಗಳಲ್ಲಿ ಸಾವಿರಾರು ಫೋಟೋ ತೆಗೆದರು. ಲೋಹಿತ ಬಾಗಿಲಲ್ಲಿ ಅದೇ ಬುಟ್ಟಿ ಹಿಡಿದು ನಿಂತಿದ್ದ. "ಭಾವ, ಮುಚ್ಚಳ ಇದ್ರೆ ಇದರಾಗೆ ಹಾಕಿ ಒಳಗೆ ಬರ್ರಿ."

ಬೋರಕ್ಕನ ಮುಂದೆ ಮಾರುತೇಶ ತಲೆತಗ್ಗಿಸಿ ಕೂತು ಎಲ್ಲ ಹೇಳಿದ. ಅವಳು ಬೈಯಲಿಲ್ಲ. ಬಂದಿದ್ದ ಆ ಒಂದು ಫೋಟೋ ಕೇಳಿದಳು. ಬಹಳ ಹೊತ್ತು ನೋಡಿ, ಲೋಹಿತನಿಂದ ಕಟ್ಟು ಹಾಕಿಸಿ, ಗಂಡನ ಪಕ್ಕದ ಖಾಲಿ ಮೊಳೆಗೆ ನೇತುಹಾಕಿಸಿದಳು.

"ಅಜ್ಜಿ! ನಾನಿನ್ನೂ ಬದುಕೀನಿ!"

"ನಾನೂ ಬದುಕೀನಿ. ಮೊಳೆ ಖಾಲಿ ಇರಬಾರ್ದು. ನಂದು ಬರೋಗಂಟ ನೀನು ನೇತಾಡು."

ಸರ್ವಮಂಗಳ ಸಂಜೆ ದೀಪ ಹಚ್ಚಿದವಳು ಅಭ್ಯಾಸಬಲದಿಂದ ಎರಡೂ ಫೋಟೋಕ್ಕೆ ಕುಂಕುಮ ಇಟ್ಟಳು. ಮಾರುತೇಶ ಅದಕ್ಕೂ ಸಿಟ್ಟಾದ, ಆದರೆ ಯಾರೂ ಕೇಳಿಸಿಕೊಳ್ಳಲಿಲ್ಲ.

ಹೊಸ ರೀಲು ಬಂದಿತ್ತು. ಬೋರಕ್ಕ ಮತ್ತೆ ಸೆರಗು ಸರಿಮಾಡಿ ಕಂಬಕ್ಕೆ ಒರಗಿದಳು. ಮಾರುತೇಶ ಇಬ್ಬರು ಬೋರಕ್ಕರನ್ನು ಒಬ್ಬಳು ಮಾಡಿ ಉಸಿರು ಬಿಗಿಹಿಡಿದ. ಅಷ್ಟರಲ್ಲಿ ಕಿಟಕಿಯೊಳಗಿನ ಬೋರಕ್ಕ ಕೋಲೂರಿ ಎದ್ದಳು, ಹತ್ತಿರ ಬಂದಳು, ದೊಡ್ಡವಳಾದಳು, ಮತ್ತೆ ಇಬ್ಬರಾದಳು. ಕ್ಯಾಮೆರಾದ ಮೂತಿಗೆ ಕೈ ಹಾಕಿದಳು. ಟಪ್.

ಅಲ್ಲೇ ಇತ್ತು ಮುಚ್ಚಳ.

ಅದನ್ನು ಸೆರಗಿನ ತುದಿಗೆ ಹಾಕಿ, ಎಲೆ ಅಡಿಕೆಯ ಜೊತೆ ಗಂಟು ಕಟ್ಟಿ, ನಡುವಿಗೆ ಸಿಕ್ಕಿಸಿಕೊಂಡು ಬೋರಕ್ಕ ವಾಪಸು ಹೋಗಿ ಕೂತಳು.

"ಈಗ ತಗಿ," ಅಂದಳು, ಶುದ್ಧ ಕನ್ನಡದಲ್ಲಿ. "ಆ ಮೊಳೆಯಿಂದ ನೀನು ಇಳಿದ ದಿವ್ಸ ಇದನ್ನ ಇಸ್ಕೊಂಡು ಹೋಗು."